ಹಳೇ ಪೆಲೆಟ್ ಸ್ಟೋವ್: ತಣ್ಣಗಿರುವಾಗ ಹೋಗಿ ನೋಡಿ

ಪ್ರಶ್ನೆ: ನಾವು ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾ ಹತ್ತಿರ ಇದ್ದೇವೆ. 1978ರಲ್ಲಿ ಕಟ್ಟಿದ ಮನೆ, ಸುಮಾರು 1,800 ಚದರಡಿ. ಆಯಿಲ್ ಬಾಯ್ಲರ್ ಇದೆ, ಗೋಡೆಯ ಬುಡದಲ್ಲಿ ಬಿಸಿನೀರಿನ ಬೇಸ್‌ಬೋರ್ಡ್ ಹೀಟರ್. ಕಳೆದ ಚಳಿಗಾಲಕ್ಕೆ 700 ಗ್ಯಾಲನ್ ಎಣ್ಣೆ ಬೇಕಾಯಿತು. ಈ ಡಿಸೆಂಬರ್‌ಗೆ ತೀರ್ಥಹಳ್ಳಿಯಿಂದ ಅತ್ತೆ, ಮಾವ ಬರುತ್ತಿದ್ದಾರೆ. ಅವರಿಗೆ ಹಾಲ್ ಬೆಚ್ಚಗಿರಬೇಕು. ಇಲ್ಲೇ ಒಬ್ಬರು 11 ವರ್ಷ ಹಳೆಯ ಪೆಲೆಟ್ ಸ್ಟೋವನ್ನು 900 ಡಾಲರ್‌ಗೆ ಮಾರುತ್ತಿದ್ದಾರೆ. ಹೊಗೆ ಕೊಳವೆ ಇಲ್ಲ, ಬರೀ ಸ್ಟೋವ್. ಗ್ಯಾರೇಜಿನಲ್ಲಿ ಇಟ್ಟಿದ್ದಾರೆ. ಕೊಳ್ಳಬಹುದಾ? ಹಣ ಉಳಿಯುತ್ತಾ?

ಉತ್ತರ: 900ಕ್ಕೆ ಬೇಡ. ನಿಮ್ಮ ಎದುರೇ ಉರಿಸಿ ತೋರಿಸಿದರೆ 500ರ ಆಸುಪಾಸಿನಲ್ಲಿ ಯೋಚಿಸಬಹುದು. ಆದರೆ ಎಣ್ಣೆಯ ದುಡ್ಡು ಉಳಿಯುತ್ತದೆ ಅನ್ನೋ ಒಂದೇ ಕಾರಣಕ್ಕೆ ಕೊಳ್ಳುತ್ತಿದ್ದರೆ ಯಾವ ಬೆಲೆಗೂ ಬೇಡ. ಯಾಕೆ ಅಂತ ಮೊದಲು ಲೆಕ್ಕ ಮಾಡೋಣ.

ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಕಡ್ಡಿ, 40 ಪೌಂಡಿನ ಮೂಟೆಯಲ್ಲಿ ಬರುತ್ತದೆ. 50 ಮೂಟೆ ಸೇರಿದರೆ ಒಂದು ಟನ್, ಅಂದರೆ ಇಲ್ಲಿನ 2,000 ಪೌಂಡ್. ಒಂದು ಪೌಂಡ್ ಪೆಲೆಟ್‌ನಲ್ಲಿ ಸುಮಾರು 8,200 ಬಿಟಿಯು (ಇಲ್ಲಿ ಶಾಖ ಅಳೆಯುವ ಮಾನ) ಶಾಖ ಇರುತ್ತದೆ. ಹಳೆಯ ಸ್ಟೋವ್ ಅದರಲ್ಲಿ ಮುಕ್ಕಾಲು ಭಾಗ ಮನೆಗೆ ಕೊಡುತ್ತದೆ ಅಂತಿಟ್ಟುಕೊಳ್ಳಿ. ಒಂದು ಗ್ಯಾಲನ್ ಎಣ್ಣೆಯಲ್ಲಿ 1,38,500 ಬಿಟಿಯು. ಬಾಯ್ಲರ್ ಅದರಲ್ಲಿ ನೂರಕ್ಕೆ 85 ಭಾಗವನ್ನು ಮನೆಗೆ ಕೊಟ್ಟರೆ ಒಳ್ಳೆಯ ಬಾಯ್ಲರ್. ಎರಡನ್ನೂ ತೂಗಿ ನೋಡಿದರೆ ಒಂದು ಟನ್ ಪೆಲೆಟ್ ಸುಮಾರು 100 ಗ್ಯಾಲನ್ ಎಣ್ಣೆಗೆ ಸಮ. ಒಂದು ಮೂಟೆ ಎರಡು ಗ್ಯಾಲನ್‌ಗೆ ಸಮ. ಇಷ್ಟು ನೆನಪಿಟ್ಟರೆ ಸಾಕು. ಟನ್ನಿನ ಬೆಲೆಯನ್ನು 100ರಿಂದ ಭಾಗಿಸಿ. ಟನ್ 350 ಡಾಲರ್ ಇದ್ದರೆ, ಎಣ್ಣೆ ಗ್ಯಾಲನ್‌ಗೆ 3.50ಕ್ಕಿಂತ ಮೇಲೆ ಹೋದಾಗ ಮಾತ್ರ ಪೆಲೆಟ್ ಅಗ್ಗ.

ಈಗ ನಿಮ್ಮ ಮನೆಗೆ ಬನ್ನಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಿನಕ್ಕೊಂದು ಮೂಟೆ ಉರಿಸಿದರೆ 120 ಮೂಟೆ, ಅಂದರೆ 2.4 ಟನ್. ಟನ್ನಿಗೆ 350ರಂತೆ 840 ಡಾಲರ್. ಅದು ಸುಮಾರು 250 ಗ್ಯಾಲನ್ ಎಣ್ಣೆ ತಪ್ಪಿಸುತ್ತದೆ. ಎಣ್ಣೆ 3.60 ಇದ್ದರೆ 900 ಡಾಲರ್. ಉಳಿದಿದ್ದು 60 ಡಾಲರ್. ಅದೂ ಕೈಗೆ ಬರುವುದಿಲ್ಲ. ಸ್ಟೋವಿನ ಮೋಟಾರು, ಫ್ಯಾನುಗಳಿಗೆ ಕರೆಂಟ್ ಬೇಕು. 150 ವ್ಯಾಟ್‌ನಂತೆ ದಿನಕ್ಕೆ 16 ಗಂಟೆ ಓಡಿದರೆ ನಾಲ್ಕು ತಿಂಗಳಿಗೆ 290 ಯೂನಿಟ್ ಹತ್ತಿರ ಆಗುತ್ತದೆ. ಆ 60 ಡಾಲರ್ ಅಲ್ಲಿಗೇ ಹೋಯಿತು. ವರ್ಷಕ್ಕೊಮ್ಮೆ ಪೂರ್ತಿ ಸ್ವಚ್ಛ ಮಾಡಿಸುವ ಕೂಲಿಯನ್ನು ನಾನಿನ್ನೂ ಸೇರಿಸಿಯೇ ಇಲ್ಲ.

ನಿಮ್ಮ ಮನೆಯಲ್ಲಿ ಎಣ್ಣೆಯ ಬದಲು ಬರೀ ಎಲೆಕ್ಟ್ರಿಕ್ ಬೇಸ್‌ಬೋರ್ಡ್ ಇದ್ದಿದ್ದರೆ ನನ್ನ ಮಾತೇ ಬೇರೆ ಆಗುತ್ತಿತ್ತು. ಒಂದು ಟನ್ ಪೆಲೆಟ್ ಕೊಡುವ ಶಾಖಕ್ಕೆ ಸುಮಾರು 3,600 ಯೂನಿಟ್ ಕರೆಂಟ್ ಬೇಕು. ನಮ್ಮ ಈ ನ್ಯೂ ಇಂಗ್ಲೆಂಡ್ ಭಾಗದ ಕರೆಂಟ್ ದರದಲ್ಲಿ ಅದು ಪೆಲೆಟ್‌ನ ಎರಡು ಪಟ್ಟಿಗಿಂತ ಜಾಸ್ತಿ. ಪ್ರೊಪೇನ್ ಇದ್ದರೆ ಟನ್ನಿನ ಬೆಲೆಯನ್ನು 150ರಿಂದ ಭಾಗಿಸಿ ನೋಡಬೇಕು. ಹೆಚ್ಚಿನ ಸಲ ಪೆಲೆಟ್ ಗೆಲ್ಲುತ್ತದೆ. ಪೈಪಿನ ನೈಸರ್ಗಿಕ ಅನಿಲ ಇದ್ದವರಿಗೆ ಪೆಲೆಟ್ ಸುದ್ದಿಯೇ ಬೇಡ.

ಹಾಗಾದರೆ ಎಣ್ಣೆ ಇದ್ದವರು ಯಾಕೆ ಕೊಳ್ಳುತ್ತಾರೆ? ಕೂರುವ ಜಾಗ 74 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಉಳಿದ ಮನೆ 62ರಲ್ಲಿ ಇರಲಿ ಅನ್ನುವವರು ಕೊಳ್ಳುತ್ತಾರೆ. ಅಂಥವರಿಗೆ ನಿಜವಾಗಿ ಉಳಿತಾಯ ಇದೆ. ಆದರೆ ಅದು ಪೆಲೆಟ್ ಅಗ್ಗ ಅನ್ನೋ ಕಾರಣಕ್ಕಲ್ಲ, ಖಾಲಿ ಕೋಣೆಗಳನ್ನು ಬಿಸಿ ಮಾಡದೆ ಇರೋದಕ್ಕೆ. ಇನ್ನೊಂದು ಕಾರಣ ಬೆಂಕಿ. ಬೇಸ್‌ಬೋರ್ಡ್ ಮನೆಯನ್ನು ಬೆಚ್ಚಗೆ ಮಾಡುತ್ತದೆ, ಆದರೆ ಅದರ ಮುಂದೆ ಕೂತು ಯಾರೂ ಕೈ ಕಾಯಿಸಿಕೊಳ್ಳುವುದಿಲ್ಲ. ಮಲೆನಾಡಿನಲ್ಲಿ ಬಚ್ಚಲೊಲೆಯ ಮುಂದೆ ಕೂತು ಅಭ್ಯಾಸ ಇರುವ ನಿಮ್ಮ ಮಾವನವರಿಗೆ ಇದರ ಬೆಲೆ ಡಾಲರ್‌ನಲ್ಲಿ ಹೇಳುವುದು ಕಷ್ಟ.

ಆ ಹಿರಿಯರಿಗೆ ಈ ಸ್ಟೋವ್ ಅಷ್ಟೇನೂ ಹೊಸದು ಅನ್ನಿಸಲಾರದು. ನಮ್ಮಲ್ಲಿ ಹೊಟ್ಟಿನ ಒಲೆ ಇತ್ತಲ್ಲ. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಮರದ ಹೊಟ್ಟು ಗಿಡಿದು, ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಎಳೆಯುತ್ತಿದ್ದರು. ಬುಡದ ತೂತಿನಿಂದ ಬೆಂಕಿ ಕೊಟ್ಟರೆ ಗಂಟೆಗಟ್ಟಲೆ ಉರಿಯುತ್ತಿತ್ತು. ಪೆಲೆಟ್ ಅಂದರೆ ಅದೇ ಹೊಟ್ಟು. ಒಣಗಿಸಿ, ಒತ್ತಿ, ಕಾಲಿಂಚು ದಪ್ಪದ ಸಣ್ಣ ಕಡ್ಡಿ ಮಾಡಿರುತ್ತಾರೆ ಅಷ್ಟೇ. ಅದನ್ನು ಮನೆಯಲ್ಲಿ ತಾನಾಗಿ ಉರಿಯುವಂತೆ ಮಾಡಿದ್ದು 1980ರ ದಶಕದಲ್ಲಿ, ವಾಷಿಂಗ್ಟನ್ ರಾಜ್ಯದಲ್ಲಿ. ಬೋಯಿಂಗ್‌ನಲ್ಲಿ ಎಂಜಿನಿಯರ್ ಆಗಿದ್ದ ಜೆರಿ ವಿಟ್‌ಫೀಲ್ಡ್ ಅವರ ಕೆಲಸ ಅದು. ಆದರೆ ಹೊಟ್ಟಿನ ಒಲೆಯಲ್ಲಿ ಕೆಡುವಂಥದ್ದು ಏನೂ ಇರಲಿಲ್ಲ. ಇದರಲ್ಲಿ ಕಡಿಮೆ ಅಂದರೂ ಮೂರು ಮೋಟಾರು, ಒಂದು ಕಂಟ್ರೋಲ್ ಬೋರ್ಡ್, ನಾಲ್ಕಾರು ಸ್ವಿಚ್ಚು ಇರುತ್ತವೆ. ಹಳೇ ಸೌದೆ ಸ್ಟೋವ್ ಕೊಳ್ಳುವುದು ಹಳೇ ಕಬ್ಬಿಣದ ಬಾಣಲೆ ಕೊಂಡಂತೆ. ಬಿರುಕು ಇಲ್ಲದಿದ್ದರೆ ಸಾಕು. ಹಳೇ ಪೆಲೆಟ್ ಸ್ಟೋವ್ ಹಳೇ ವಾಷಿಂಗ್ ಮೆಷಿನ್ ಇದ್ದ ಹಾಗೆ. ಓಡಿಸಿ ನೋಡದೆ ಏನೂ ಗೊತ್ತಾಗುವುದಿಲ್ಲ.

ಒಳಗೆ ಏನು ನಡೆಯುತ್ತದೆ ಅಂತ ತಿಳಿದರೆ ನೋಡುವುದು ಸುಲಭ. ಮೇಲೆ ಹಾಪರ್, ಅಲ್ಲಿ ಪೆಲೆಟ್ ಸುರಿಯುತ್ತೀರಿ. ಆಗರ್ ಅನ್ನೋ ಸುರುಳಿ ಸ್ಕ್ರೂ ನಿಧಾನವಾಗಿ ತಿರುಗಿ ನಾಲ್ಕಾರು ಪೆಲೆಟ್‌ಗಳನ್ನು ಬರ್ನ್ ಪಾಟ್ ಎಂಬ ಕಬ್ಬಿಣದ ಬಟ್ಟಲಿಗೆ ತಳ್ಳುತ್ತದೆ. ಇಗ್ನೈಟರ್ ಕೆಂಪಗೆ ಕಾದು ಬೆಂಕಿ ಹೊತ್ತಿಸುತ್ತದೆ. ಒಂದು ಬ್ಲೋವರ್ ಹೊಗೆಯನ್ನು ಹೊರಗೆ ಎಳೆಯುತ್ತದೆ. ಇನ್ನೊಂದು ಬ್ಲೋವರ್ ಕೋಣೆಯ ಗಾಳಿಯನ್ನು ಬಿಸಿ ಕೊಳವೆಗಳ ಮೇಲೆ ಹಾಯಿಸಿ ವಾಪಸ್ ಬಿಡುತ್ತದೆ. ಹೊಗೆಯ ಗಾಳಿ, ಕೋಣೆಯ ಗಾಳಿ ಎರಡೂ ಬೇರೆ ಬೇರೆ ದಾರಿ. ಅವು ಎಲ್ಲೂ ಸೇರಬಾರದು.

ನೋಡಲು ಹೋಗುವ ಮುಂಚೆ ಫೋನ್ ಮಾಡಿ ಎರಡು ವಿಷಯ ಹೇಳಿ. ನಾನು ಬರುವ ತನಕ ಹೊತ್ತಿಸಬೇಡಿ. ಮತ್ತೆ, ಉರಿಸಿ ನೋಡಬೇಕು, ಹೊಗೆ ಹೊರಗೆ ಹೋಗುವಂತೆ ವ್ಯವಸ್ಥೆ ಮಾಡಿ. ಗ್ಯಾರೇಜಿನ ಬಾಗಿಲು ತೆರೆದು, ಸ್ಟೋವನ್ನು ಹೊರಗೆ ತಂದು, ಒಂದೆರಡು ಅಡಿ ಸರಿಯಾದ ಕೊಳವೆ ಹಾಕಿ ಉರಿಸಬಹುದು. ಮುಚ್ಚಿದ ಗ್ಯಾರೇಜಿನಲ್ಲಿ ಖಂಡಿತ ಬೇಡ. ಇಷ್ಟಕ್ಕೂ ಒಪ್ಪದವರ ಸ್ಟೋವಿಗೆ ನಾನಾದರೆ ಬಿಡಿಭಾಗದ ಬೆಲೆಗಿಂತ ಒಂದು ಡಾಲರ್ ಜಾಸ್ತಿ ಕೊಡುವುದಿಲ್ಲ. ಒಂದು ಹೊಸ ಮೂಟೆ ಪೆಲೆಟ್ ನೀವೇ ತೆಗೆದುಕೊಂಡು ಹೋಗಿ. ಅವರ ಹಾಪರ್‌ನಲ್ಲಿ ಉಳಿದಿದ್ದು ತೇವ ಹೀರಿದ್ದರೆ ಒಳ್ಳೆಯ ಸ್ಟೋವ್ ಕೂಡ ಕೆಟ್ಟದ್ದರಂತೆ ಉರಿಯುತ್ತದೆ.

ಹೋದ ಕೂಡಲೇ ಗಾಜಿನ ಹತ್ತಿರ ಕೈ ಹಿಡಿದು ನೋಡಿ. ಬೆಚ್ಚಗಿದ್ದರೆ ಈಗಾಗಲೇ ಹೊತ್ತಿಸಿದ್ದಾರೆ. ಇಗ್ನೈಟರ್ ಸತ್ತಿರುವ ಸ್ಟೋವನ್ನು ಕೈಯಿಂದ ಹೊತ್ತಿಸಿ, ಬಂದವರಿಗೆ ಚೆಂದದ ಜ್ವಾಲೆ ತೋರಿಸುವುದು ಹಳೇ ಆಟ. ಆಮೇಲೆ ಹಿಂಭಾಗದಲ್ಲೋ ಹಾಪರ್ ಮುಚ್ಚಳದ ಒಳಗೋ ಇರುವ ಲೋಹದ ಪಟ್ಟಿ ಹುಡುಕಿ. ಅದರಲ್ಲಿ ಮಾಡೆಲ್, ಸೀರಿಯಲ್ ನಂಬರ್, ಯಾವ ಮಾನದಂಡಕ್ಕೆ ಪರೀಕ್ಷೆ ಆಗಿದೆ, ಗೋಡೆಯಿಂದ ಎಷ್ಟು ದೂರ ಇಡಬೇಕು ಅನ್ನೋದು ಎಲ್ಲ ಇರುತ್ತದೆ. ಪಟ್ಟಿ ಇಲ್ಲದ ಸ್ಟೋವಿಗೆ ಊರಿನ ಪರ್ಮಿಟ್ ಸಿಗುವುದು ಕಷ್ಟ. ವಿಮೆಯವರೂ ತಕರಾರು ಮಾಡುತ್ತಾರೆ. ಅಲ್ಲೇ ನಿಂತು ಫೋನಿನಲ್ಲಿ ಆ ಮಾಡೆಲ್‌ನ ಕೈಪಿಡಿ ಹುಡುಕಿ, ಕಂಟ್ರೋಲ್ ಬೋರ್ಡ್ ಈಗಲೂ ಮಾರಾಟಕ್ಕಿದೆಯಾ ನೋಡಿ. ಮೋಟಾರು, ಇಗ್ನೈಟರ್ ಹೇಗೋ ಸಿಗುತ್ತವೆ. ಬೋರ್ಡ್ ಸಿಗದಿದ್ದರೆ ಆ ಸ್ಟೋವ್ ಒಂದು ದಿನ ಸುಮ್ನೆ ಕಬ್ಬಿಣದ ಪೆಟ್ಟಿಗೆ ಆಗುತ್ತದೆ. ಹಾರ್ಮನ್, ಕ್ವಾಡ್ರಾ-ಫೈರ್‌ನಂಥ ಬ್ರ್ಯಾಂಡ್‌ಗಳು ಹಳೆಯದಾದರೂ ಬೆಲೆ ಉಳಿಸಿಕೊಳ್ಳುವುದಕ್ಕೆ ಬಿಡಿಭಾಗ ಸಿಗುವುದೂ ಒಂದು ಕಾರಣ. ಕೆಲವು ಮಾಡೆಲ್‌ಗಳ ಹೆಸರಲ್ಲೇ ಶಕ್ತಿ ಇರುತ್ತದೆ. ಹಾರ್ಮನ್ ಪಿ61 ಅಂದರೆ ಗಂಟೆಗೆ 61,000 ಬಿಟಿಯು ತನಕ. ನಿಮಗೆ ಅಷ್ಟು ಬೇಡ, 40,000ದ ಸುತ್ತಮುತ್ತ ಸಾಕು. ದೊಡ್ಡ ಸ್ಟೋವನ್ನು ಯಾವಾಗಲೂ ಸಣ್ಣ ಉರಿಯಲ್ಲಿ ಇಟ್ಟರೆ ಮಸಿ ಜಾಸ್ತಿ.

ಈಗ ಟಾರ್ಚ್ ತೆಗೆಯಿರಿ. ಹಾಪರ್ ಖಾಲಿ ಮಾಡಿಸಿ ತಳ ನೋಡಿ. ತುಕ್ಕು ಇದ್ದರೆ ಆಗರ್ ಒಳಗೂ ಇರುತ್ತದೆ. ಬೇಸಿಗೆಯಲ್ಲಿ ಪೆಲೆಟ್ ಹಾಗೇ ಬಿಟ್ಟರೆ ಅದು ತೇವ ಹೀರಿ, ಉಬ್ಬಿ, ಆಗರ್ ಕೊಳವೆಯಲ್ಲಿ ಸಿಮೆಂಟಿನ ಹಾಗೆ ಕೂರುತ್ತದೆ. ಇದು ನನಗೇ ಆದ ಪಾಠ. ಮೊದಲ ಸ್ಟೋವನ್ನು 400 ಡಾಲರ್‌ಗೆ ಒಂದು ಕೊಟ್ಟಿಗೆಯಿಂದ ತಂದೆ, ಓಡಿಸಿ ನೋಡದೆ. ಆಗರ್ ಬಿಡಿಸಲು ಎರಡು ಶನಿವಾರ ಹೋಯಿತು. ಬೋರ್ಡಿನ ಮೇಲೆ ಇಲಿ ಗೂಡು ಕಟ್ಟಿತ್ತು. ಇಲಿ ಮೂತ್ರಕ್ಕೆ ಬೋರ್ಡಿನ ತಾಮ್ರವೇ ಕರಗಿ ಹೋಗಿತ್ತು. ಆಮೇಲೆ ಹೊಸ ಸ್ಟೋವನ್ನೇ ಕೊಂಡೆ. ಹೆಂಡತಿ ಇವತ್ತಿಗೂ ಆ 400ನ್ನು ಮರೆತಿಲ್ಲ.

ಬರ್ನ್ ಪಾಟ್ ಸೊಟ್ಟಗಾಗಿದ್ದರೆ, ತೂತು ಬಿದ್ದಿದ್ದರೆ ಬೆಲೆ ಇಳಿಸಿ, ಹೊಸದು ಸಿಗುತ್ತದೆ. ಹಿಂದಿನ ಇಟ್ಟಿಗೆ ಹಲಗೆ ಬಿರುಕು ಬಿಟ್ಟಿದ್ದರೆ ದೊಡ್ಡ ವಿಷಯವಲ್ಲ. ಉಕ್ಕಿನ ಪೆಟ್ಟಿಗೆಯ ಬೆಸುಗೆಯಲ್ಲಿ ಬಿರುಕು ಕಂಡರೆ ಮಾತ್ರ ಥ್ಯಾಂಕ್ಸ್ ಹೇಳಿ ಹೊರಡಿ. ಬಾಗಿಲಿನ ಸುತ್ತ ಹಗ್ಗದಂಥ ಗ್ಯಾಸ್ಕೆಟ್ ಇರುತ್ತದೆ. ಒಂದು ಡಾಲರ್ ನೋಟನ್ನು ಅಡ್ಡ ಇಟ್ಟು ಬಾಗಿಲು ಹಾಕಿ, ಎಳೆಯಿರಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಸವೆದಿದೆ. ಅದು ಅಗ್ಗದ ರಿಪೇರಿ.

ಪಕ್ಕದ ಫಲಕ ತೆಗೆಸಿ ವೈರಿಂಗ್ ನೋಡುವುದನ್ನು ಮಾತ್ರ ಬಿಡಬೇಡಿ. ಸ್ಟೋವಿನಲ್ಲಿ ಸುರಕ್ಷೆಗೆ ಅಂತಲೇ ಕೆಲವು ಸ್ವಿಚ್ ಇರುತ್ತವೆ. ಹೊಗೆ ಸರಿಯಾಗಿ ಹೋಗದಿದ್ದರೆ ಪೆಲೆಟ್ ನಿಲ್ಲಿಸುವ ವ್ಯಾಕ್ಯೂಮ್ ಸ್ವಿಚ್ ಒಂದು, ಮಿತಿ ಮೀರಿ ಕಾದರೆ ನಿಲ್ಲಿಸುವ ಹೈ ಲಿಮಿಟ್ ಸ್ವಿಚ್ ಇನ್ನೊಂದು. ಸ್ಟೋವ್ ಪದೇ ಪದೇ ನಿಲ್ಲುತ್ತಿದ್ದರೆ ಕೆಲವರು ಕಾರಣ ಹುಡುಕುವುದಿಲ್ಲ, ಸ್ವಿಚ್ಚಿನ ಎರಡೂ ವೈರನ್ನು ಒಟ್ಟಿಗೆ ಕಟ್ಟಿಬಿಡುತ್ತಾರೆ. ಆಗ ಸ್ಟೋವ್ ನಿಲ್ಲದೆ ಓಡುತ್ತದೆ, ಓಡಬಾರದ ಹೊತ್ತಲ್ಲೂ. ಹೀಗೆ ಬಗಲದಾರಿ ಹಾಕಿದ ಒಂದು ವೈರ್ ಕಂಡರೂ ಆ ಸ್ಟೋವನ್ನು ನಿಮ್ಮ ಮನೆಗೆ ತರಬೇಡಿ. ಅದನ್ನು ಮಾಡಿದವರು ಬೇರೇನು ಮಾಡಿದ್ದಾರೋ.

ಈಗ ಹೊತ್ತಿಸಲು ಹೇಳಿ, ಗಡಿಯಾರ ನೋಡಿ. ಮೊದಲು ಹೊಗೆ ಬ್ಲೋವರ್ ಶುರುವಾಗಬೇಕು. ಅದರ ಬೇರಿಂಗ್ ಕಿರುಚಿದರೆ ಗೊತ್ತಾಗುತ್ತದೆ. ಪೆಲೆಟ್ ಬೀಳುತ್ತದೆ, ಸ್ವಲ್ಪ ಹೊಗೆಯಾಡುತ್ತದೆ, 5ರಿಂದ 10 ನಿಮಿಷದಲ್ಲಿ ಬೆಂಕಿ ಹತ್ತಬೇಕು. ಸ್ಟೋವ್ ಕಾದ ಮೇಲೆ ಕೋಣೆಯ ಬ್ಲೋವರ್ ತಾನಾಗಿ ಶುರುವಾಗುತ್ತದೆ. ಆಮೇಲೆ ಜ್ವಾಲೆ ನೋಡಿ. ಬಿಳಿ ಹಳದಿ ಬಣ್ಣದ, ಚುರುಕಾದ, ಕಿಡಿ ಕುಣಿಯುವ ಜ್ವಾಲೆ ಬೇಕು. ಕೆಂಪಗೆ, ಉದ್ದಕ್ಕೆ, ಸೋಮಾರಿಯಾಗಿ ಓಲಾಡುತ್ತಾ ತುದಿಯಲ್ಲಿ ಮಸಿ ಬಿಡುತ್ತಿದ್ದರೆ ಎಲ್ಲೋ ಗಾಳಿ ಕಟ್ಟಿಕೊಂಡಿದೆ. ಹೆಚ್ಚಿನ ಸಲ ಅದು ಬರೀ ಬೂದಿ, ಸ್ವಚ್ಛ ಮಾಡಿದರೆ ಸರಿಹೋಗುತ್ತದೆ. ಅರ್ಧ ಗಂಟೆ ಉರಿದ ಮೇಲೆ ಆಫ್ ಮಾಡಿಸಿ. ಇಲ್ಲಿಗೇ ಮುಗಿಯಿತು ಅಂತ ಹೊರಡಬೇಡಿ. ಬೆಂಕಿ ಆರಿದ ಮೇಲೂ ಹೊಗೆ ಬ್ಲೋವರ್ ಓಡುತ್ತಿದ್ದು, ಸ್ಟೋವ್ ತಣ್ಣಗಾದ ಮೇಲೆ ತಾನೇ ನಿಲ್ಲಬೇಕು. ಅಲ್ಲಿವರೆಗೆ ಚಹಾ ಕೇಳಿ, ಕೂತಿರಿ.

ಇಷ್ಟರಲ್ಲಿ ಏನು ಕೆಟ್ಟಿದೆ ಅಂತ ಪಟ್ಟಿ ಆಗಿರುತ್ತದೆ. ನನ್ನ ಅಂದಾಜಿನಲ್ಲಿ ಇಗ್ನೈಟರ್ 50ರಿಂದ 100 ಡಾಲರ್, ಆಗರ್ ಮೋಟಾರು 100ರಿಂದ 150, ಒಂದೊಂದು ಬ್ಲೋವರ್ 150ರಿಂದ 250, ಬೋರ್ಡ್ 200ರಿಂದ 400. 11 ವರ್ಷದ ಸ್ಟೋವಿನಲ್ಲಿ ಮುಂದಿನ ಎರಡು ಚಳಿಗಾಲದೊಳಗೆ ಇವುಗಳಲ್ಲಿ ಒಂದಾದರೂ ಹೋಗುತ್ತದೆ ಅಂತಲೇ ಲೆಕ್ಕ ಹಾಕಿ.

ಹೊಗೆ ಕೊಳವೆಯ ಖರ್ಚನ್ನು ಎಲ್ಲರೂ ಮರೆಯುತ್ತಾರೆ. ಪೆಲೆಟ್ ಸ್ಟೋವಿನ ಹೊಗೆಯನ್ನು ಫ್ಯಾನ್ ತಳ್ಳುತ್ತದೆ. ಕೊಳವೆಯ ಸಂದಿನಲ್ಲಿ ಸೋರಿದರೆ ಬೂದಿಯೂ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲವೂ ನೇರ ಹಾಲ್‌ಗೆ ಬರುತ್ತವೆ. ಅದಕ್ಕೇ ಪೆಲೆಟ್‌ಗೆ ಅಂತಲೇ ಮಾಡಿದ ಎರಡು ಪದರದ ಕೊಳವೆ ಬೇಕು, ಮೂರು ಇಂಚಿನದೋ ನಾಲ್ಕು ಇಂಚಿನದೋ. ಬಟ್ಟೆ ಒಣಗಿಸುವ ಡ್ರೈಯರ್‌ನ ಕೊಳವೆ, ಗ್ಯಾಸ್ ಒಲೆಯ ಕೊಳವೆ ಯಾವುದೂ ಆಗುವುದಿಲ್ಲ. ಬಾಯ್ಲರ್‌ನ ಚಿಮಣಿಗೆ ಸೇರಿಸುವಂತೆಯೂ ಇಲ್ಲ. ಉದ್ದದ ಲೆಕ್ಕಕ್ಕೆ ಒಂದು ರೂಢಿ ಇದೆ. ಪ್ರತಿ 90 ಡಿಗ್ರಿ ತಿರುವಿಗೆ 5 ಅಡಿ, ಅಡ್ಡ ಕೊಳವೆಗೆ ಅಡಿಗೆ ಒಂದು ಅಡಿ, ನೇರ ಮೇಲೆ ಹೋಗುವುದಕ್ಕೆ ಅಡಿಗೆ ಅರ್ಧ ಅಡಿ. ಒಟ್ಟು 15 ದಾಟಿದರೆ ನಾಲ್ಕು ಇಂಚು. ಕೊನೆ ಮಾತು ಸ್ಟೋವಿನ ಕೈಪಿಡಿಯದು. ಕೊಳವೆ, ನೆಲಕ್ಕೆ ಹಾಸುವ ಬೆಂಕಿ ತಡೆಯುವ ಹಲಗೆ, ಪರ್ಮಿಟ್, ಜೋಡಿಸುವವರ ಕೂಲಿ ಸೇರಿದರೆ ಸಾವಿರ ಡಾಲರ್ ದಾಟುವುದು ಸುಲಭ. 900 ಕೊಟ್ಟು ಇದನ್ನು ಸೇರಿಸಿದರೆ ಸುಮಾರು 2,000. ಆ ದುಡ್ಡಿಗೆ ದೊಡ್ಡ ಅಂಗಡಿಗಳಲ್ಲಿ ಸಣ್ಣ ಹೊಸ ಸ್ಟೋವೇ ಸಿಗುತ್ತದೆ, ವಾರಂಟಿ ಸಮೇತ. ಅದರ ಕೊಳವೆಗೂ ಇದೇ ಖರ್ಚು ಇದೆ, ನಿಜ. ಆದರೆ 2020ರ ಮೇ ನಂತರ ಮಾರಾಟವಾಗುವ ಹೊಸ ಸ್ಟೋವ್‌ಗಳು ಗಂಟೆಗೆ ಎರಡು ಗ್ರಾಂಗಿಂತ ಜಾಸ್ತಿ ಹೊಗೆಯ ಕಣ ಬಿಡುವಂತಿಲ್ಲ. ನೀವು ನೋಡುತ್ತಿರುವುದು ಆ ನಿಯಮಕ್ಕಿಂತ ಹಿಂದಿನದು.

ಇನ್ನೊಂದು ಅಪಾಯ ಮಾರುವವರಿಗೂ ಗೊತ್ತಿರುವುದಿಲ್ಲ. ಕೋಣೆಯ ಬಿಸಿ ನೋಡಿ ಬಾಯ್ಲರ್ ಓಡಿಸುವ, ನಿಲ್ಲಿಸುವ ಥರ್ಮೋಸ್ಟಾಟ್ ನಿಮ್ಮ ಹಾಲ್‌ನಲ್ಲೇ ಇದೆ, ಅಲ್ವಾ? ಸ್ಟೋವ್ ಹಾಲನ್ನು 74ಕ್ಕೆ ಏರಿಸಿದರೆ ಬಾಯ್ಲರ್ ಮಲಗಿಬಿಡುತ್ತದೆ. ಹೊರಗೆ ಸೊನ್ನೆ ಡಿಗ್ರಿ ಫ್ಯಾರನ್‌ಹೀಟ್ ಇರುವ ರಾತ್ರಿ, ಉತ್ತರದ ಗೋಡೆಯ ಬೇಸ್‌ಬೋರ್ಡಿನಲ್ಲಿ ನೀರು ಗಂಟೆಗಟ್ಟಲೆ ಓಡದೆ ನಿಂತಿರುತ್ತದೆ. ಅಲ್ಲಿ ಹೆಪ್ಪುಗಟ್ಟಿ ಪೈಪ್ ಒಡೆದರೆ ಹತ್ತು ವರ್ಷದ ಪೆಲೆಟ್ ಲೆಕ್ಕವೆಲ್ಲ ಒಂದೇ ದಿನದಲ್ಲಿ ನೀರುಪಾಲು. ಥರ್ಮೋಸ್ಟಾಟನ್ನು ಬೇರೆ ಕೋಣೆಗೆ ಸಾಗಿಸಿ. ಇಲ್ಲವೇ ಕಟು ಚಳಿಯ ರಾತ್ರಿ ಸ್ಟೋವ್ ತಗ್ಗಿಸಿ, ಬಾಯ್ಲರ್ ಆಗಾಗ ಓಡುವಂತೆ ನೋಡಿಕೊಳ್ಳಿ.

ಅತ್ತೆ, ಮಾವ ಮಲಗುವ ಕೋಣೆಗೆ ಹಾಲ್‌ನ ಶಾಖ ಅಷ್ಟಾಗಿ ಹೋಗುವುದಿಲ್ಲ. ಬಿಸಿ ಗಾಳಿಯನ್ನು ಅತ್ತ ತಳ್ಳುವ ಬದಲು, ಆ ಕೋಣೆಯ ಬಾಗಿಲಲ್ಲಿ ನೆಲದ ಮೇಲೆ ಸಣ್ಣ ಫ್ಯಾನ್ ಇಟ್ಟು ತಣ್ಣನೆಯ ಗಾಳಿಯನ್ನು ಸ್ಟೋವಿನ ಕಡೆ ಬೀಸಿ. ಬಿಸಿ ಗಾಳಿ ಮೇಲಿನಿಂದ ತಾನೇ ಒಳಗೆ ಬರುತ್ತದೆ. ಅದೂ ಸಾಲದಿದ್ದರೆ ಎಣ್ಣೆ ತುಂಬಿದ ಎಲೆಕ್ಟ್ರಿಕ್ ರೇಡಿಯೇಟರ್ ಇದೆ. ನೂರು ಡಾಲರ್ ಒಳಗೆ ಸಿಗುತ್ತದೆ. ನಿಜ ಹೇಳಬೇಕೆಂದರೆ, ಅವರು ಒಂದೇ ಚಳಿಗಾಲಕ್ಕೆ ಬರುತ್ತಿದ್ದರೆ ಅದೇ ಸಾಕು.

ಕರೆಂಟ್ ಹೋದರೆ ಪೆಲೆಟ್ ಸ್ಟೋವ್ ನಿಲ್ಲುತ್ತದೆ. ಹಿಮಗಾಳಿಯ ದಿನ ಇದನ್ನು ನಂಬಿ ಕೂರಬೇಡಿ. ಬ್ಯಾಟರಿ ಬ್ಯಾಕಪ್ ಹಾಕುವುದಾದರೆ ಪ್ಯೂರ್ ಸೈನ್ ವೇವ್ ಇನ್ವರ್ಟರ್, ಅಂದರೆ ಮನೆಯ ಕರೆಂಟಿನಂಥದ್ದೇ ಕರೆಂಟ್ ಕೊಡುವಂಥದ್ದು ಇರಲಿ. ಬರ್ನ್ ಪಾಟ್ ಪ್ರತಿದಿನ ಕೆರೆಯಬೇಕು, ಬೂದಿ ವಾರಕ್ಕೊಮ್ಮೆ ತೆಗೆಯಬೇಕು. ಬೂದಿಯನ್ನು ಮುಚ್ಚಳ ಇರುವ ಲೋಹದ ಬಕೆಟ್‌ನಲ್ಲಿ ಮನೆಯಿಂದ ಹೊರಗೆ ಇಡಿ. ಕೆಂಡ ಒಳಗೆ ದಿನಗಟ್ಟಲೆ ಬದುಕಿರುತ್ತದೆ. 18 ಕಿಲೋ ಮೂಟೆಯನ್ನು ಅತ್ತೆಯವರು ಎತ್ತಲಾರರು, ಪಕ್ಕದಲ್ಲಿ ಸಣ್ಣ ಬಕೆಟ್ ಇಟ್ಟಿರಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಪ್ರತಿ ಮಹಡಿಯಲ್ಲೂ ಬೇಕು. ಮಾವನವರಿಗೆ ಮೊದಲೇ ಹೇಳಿಬಿಡಿ: ಇದು ಬಚ್ಚಲೊಲೆ ಅಲ್ಲ, ಕಾಗದ, ಕಡ್ಡಿ, ಕಿತ್ತಳೆ ಸಿಪ್ಪೆ ಹಾಕುವಂತಿಲ್ಲ. ಬೇಜಾರಾಗುತ್ತದೆ, ಏನು ಮಾಡೋದು.

ಈ ವಾರ ವಿಮೆಯವರಿಗೆ ಒಂದು ಫೋನ್, ಊರಿನ ಅಗ್ನಿಶಾಮಕ ಇಲಾಖೆಗೆ ಪರ್ಮಿಟ್ ಬಗ್ಗೆ ಒಂದು ಫೋನ್ ಮಾಡಿ. ಹಾಲ್‌ನ ಹೊರಗೋಡೆ ಅಳೆದು, ಕಿಟಕಿಗಳಿಂದ ದೂರ ಕೊಳವೆ ಹೊರಬರಲು ಜಾಗ ಇದೆಯಾ ನೋಡಿ. ಇಷ್ಟೂ ಸರಿ ಬಂದರೆ ಮಾತ್ರ ಗ್ಯಾರೇಜಿಗೆ ಹೋಗಿ. ಎಲ್ಲ ಚೆನ್ನಾಗಿ ಉರಿದು, ಬಗಲದಾರಿಯ ವೈರ್ ಯಾವುದೂ ಕಾಣದಿದ್ದರೆ 500ಕ್ಕೆ ಶುರು ಮಾಡಿ, 600ಕ್ಕೆ ನಿಲ್ಲಿಸಿ. ಸ್ಟೋವ್ 300 ಪೌಂಡ್ ತೂಗಬಹುದು. ಪೂರ್ತಿ ತಣ್ಣಗಾದ ಮೇಲೆ ಹಾಪರ್, ಬೂದಿ ಎರಡೂ ಖಾಲಿ ಮಾಡಿ, ಬಾಗಿಲನ್ನು ಕೊಂಡಿ ಕಳಚಿ ಬೇರೆ ಇಡಿ. ಗಟ್ಟಿಮುಟ್ಟಾದ ಇಬ್ಬರು ಗೆಳೆಯರನ್ನೂ ಒಂದು ಕೈಗಾಡಿಯನ್ನೂ ಕರೆದುಕೊಂಡು ಹೋಗಿ.